ಗಾಳಕ್ಕೆ ಬಿದ್ದ ಧಾರೆ ಸೀರೆ

ಗಾಳಕ್ಕೆ ಮೀನು ಬಿದ್ದರೆ ಸುದ್ದಿಯಲ್ಲ. ಸೀರೆ ಬಿದ್ದರೆ?

ಎರಡು ವಾರದ ಹಿಂದಿನ ಶುಕ್ರವಾರ ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ, ಹಾಡಹಗಲು, ಡೈನಿಂಗ್ ಟೇಬಲ್ ಮೇಲೆ ಬಿದ್ದದ್ದು ಅದೇ. ಅರಗಿನ ಬಣ್ಣದ ಒಡಲು, ಹಸಿರು ಅಂಚು, ಅಪ್ಪಟ ಜರಿ. ನಮ್ಮದಾಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಬೇರೆಯವರದು. ಅದರಲ್ಲೂ ಧಾರೆ ಸೀರೆ. ಮದುವೆಗೆ ವಾರವೂ ಉಳಿದಿರಲಿಲ್ಲ.

ಗಾಬರಿಯಾಗಬೇಡಿ, ನಿಧಾನವಾಗಿ ಹೇಳುತ್ತೇನೆ. (ಆವತ್ತು ಪಡಬೇಕಾದ ಗಾಬರಿಯನ್ನೆಲ್ಲ ನಿಮ್ಮ ಪಾಲಿನದೂ ಸೇರಿಸಿ ನಾನೇ ಪಟ್ಟಿದ್ದೇನೆ.)

ನಮ್ಮ ಅತ್ತೆ ಕಮಲಮ್ಮನವರು ಸೀರೆಗೆ ಕುಚ್ಚು ಕಟ್ಟುತ್ತಾರೆ. ಎಂಬತ್ತು ದಾಟಿದೆ, ಕಣ್ಣಿಗೆ ಭೂತಗನ್ನಡಿ ಬೇಕು, ಕೈ ಮಾತ್ರ ಇನ್ನೂ ಇಪ್ಪತ್ತರದ್ದು. ಗಾಂಧಿ ಬಜಾರಿನಿಂದ ಚಾಮರಾಜಪೇಟೆಯವರೆಗೆ ಮದುವೆ ಮನೆಯವರು ಕಮಲಮ್ಮನ ಕೈಯಲ್ಲೇ ಕಟ್ಟಿಸಬೇಕು ಅಂತ ಹುಡುಕಿಕೊಂಡು ಬರುತ್ತಾರೆ. ಎಷ್ಟು ಸಲ ಡ್ರೈಕ್ಲೀನಿಂಗಿಗೆ ಹೋಗಿ ಬಂದರೂ ಅವರ ಕುಚ್ಚು ಬಿಚ್ಚುವುದಿಲ್ಲ. ಗಂಟು ಎಲ್ಲಿದೆ ಅಂತ ಹುಡುಕಿದರೂ ಸಿಗುವುದಿಲ್ಲ.

ಅವರ ಮಗ, ಅಂದರೆ ನಮ್ಮ ಮನೆಯವರು ಶ್ರೀಧರ, ಕಟ್ಟುವುದು ಮೀನಿನ ಗಾಳ.

ಹೌದು, ನೀವು ಸರಿಯಾಗಿಯೇ ಓದಿದಿರಿ. ಕೇಕಿನ ಡಬ್ಬಿಯ ಮೇಲೆ ಎಗ್‌ಲೆಸ್ ಅಂತ ಬರೆದಿದೆಯೋ ಇಲ್ಲವೋ ಎಂದು ಕನ್ನಡಕ ಹಾಕಿಕೊಂಡು ನೋಡುವ ಮನೆ ನಮ್ಮದು. ಬ್ಯಾಂಕಿನಲ್ಲಿದ್ದಾಗ ಇವರಿಗೆ ಟ್ರಾನ್ಸ್‌ಫರ್ ಆದ ಊರಿನ ಪಕ್ಕ ದೊಡ್ಡ ಜಲಾಶಯ ಇತ್ತು. ಭಾನುವಾರ ಹೊತ್ತು ಹೋಗದ ಮ್ಯಾನೇಜರೊಬ್ಬರು ಅಂಟಿಸಿದ ಚಟ ಇದು. ಹಿಡಿಯುವುದು, ಫೋಟೋ ತೆಗೆಯುವುದು, ವಾಪಸ್ ನೀರಿಗೆ ಬಿಡುವುದು. ತಿನ್ನುವ ಪ್ರಶ್ನೆಯೇ ಇಲ್ಲ.

ರಿಟೈರ್ ಆದ ಹೊಸದರಲ್ಲಿ ಇವರು ಸೋಫಾದ ಮೇಲೆ ಕೂತು ಮನೆಯ ಆಡಿಟ್ ಶುರು ಮಾಡಿದ್ದರು. ಫ್ಯಾನಿನ ಸ್ಪೀಡು, ನನ್ನ ಸಾರಿನ ಉಪ್ಪು, ಪೇಪರಿನವನು ಬರುವ ಟೈಮು. ಆಮೇಲೆ ಅದೂ ನಿಂತಿತು. ಸುಮ್ಮನೆ ಕೂರುತ್ತಿದ್ದರು. ತಪ್ಪು ಹುಡುಕುವ ಗಂಡನನ್ನು ಹೇಗೋ ಸಹಿಸಬಹುದು, ಸುಮ್ಮನೆ ಕೂತ ಗಂಡನನ್ನು ನೋಡಿದರೆ ಭಯವಾಗುತ್ತದೆ. ಅಂಥ ಹೊತ್ತಿನಲ್ಲಿ ಒಂದು ದಿನ ಅಟ್ಟದ ಮೇಲಿನ ಟ್ರಂಕಿನಿಂದ ಗಾಳದ ಡಬ್ಬಿ ಕೆಳಗಿಳಿಯಿತು. ಮನುಷ್ಯ ಮತ್ತೆ ಶಿಳ್ಳೆ ಹಾಕುತ್ತಾ ಶೇವ್ ಮಾಡಿಕೊಳ್ಳತೊಡಗಿದರು. ನನಗೆ ಅಷ್ಟು ಸಾಕಾಗಿತ್ತು.

ಇವರು ಕಟ್ಟುವುದು ಎರೆಹುಳ ಸಿಕ್ಕಿಸುವ ಸಾದಾ ಗಾಳವಲ್ಲ. ಜಿಗ್ ಅಂತೆ. ಗಾಳದ ತಲೆಗೆ ಸೀಸದ ಗುಂಡೊಂದು ಕೂತಿರುತ್ತದೆ, ಅದರ ಹಿಂದೆ ಗಾಳ ಮುಚ್ಚಿಹೋಗುವ ಹಾಗೆ ಕೂದಲಿನ ಬಾಲ ಕಟ್ಟಬೇಕು. ನೀರಿನಲ್ಲಿ ಎಳೆದಾಗ ಬಾಲ ಅಲ್ಲಾಡುತ್ತದೆ, ಮೀನು ಯಾವುದೋ ಮರಿಮೀನು ಅಂದುಕೊಂಡು ಬಾಯಿ ಹಾಕುತ್ತದೆ. ಅಮೆರಿಕದವರು ಇದಕ್ಕೆ ಜಿಂಕೆ ಬಾಲದ ಕೂದಲನ್ನೇ ಕಟ್ಟುತ್ತಾರೆ, ಅದಕ್ಕೇ ಬಕ್‌ಟೇಲ್ ಅಂತ ಹೆಸರು. ನಮ್ಮಲ್ಲಿ ಜಿಂಕೆಯ ಬಾಲಕ್ಕೆ ಕೈ ಹಾಕಿದರೆ ಗಾಳಕ್ಕೆ ಬೀಳುವುದು ನಾವೇ. ಹಾಗಾಗಿ ಇವರು ಮೊದಲು ಹಳೆಯ ಶೇವಿಂಗ್ ಬ್ರಶ್ ಕಿತ್ತರು. ಆಮೇಲೆ ಪಕ್ಕದ ಮನೆಯ ಗೋಲ್ಡನ್ ರಿಟ್ರೀವರನ್ನು ಬಾಚಿದಾಗ ಉದುರಿದ ಕೂದಲನ್ನು ಕವರಿನಲ್ಲಿ ತುಂಬಿಸಿಕೊಂಡು ಬಂದರು. ಒಂದು ದಿನ ನನ್ನ ಬಾಚಣಿಗೆಯ ಕಡೆಗೂ ಆಸೆಯಿಂದ ನೋಡಿದರು. (ನನ್ನ ತಲೆಯಲ್ಲಿ ಉಳಿದಿರುವುದೇ ಅಷ್ಟಿಷ್ಟು, ಅದನ್ನೂ ಮೀನಿಗೆ ಹಾಕಲೇ?) ಸೀಸದ ಗುಂಡಿಗೆ ಬಳಿಯಲು ನನ್ನ ನೇಲ್ ಪಾಲಿಶ್ ಮಾತ್ರ ಹೇಳದೆ ಕೇಳದೆ ಹೋಯಿತು.

ಬಳಿದ ಬಣ್ಣ ಒಣಗಲಿ ಅಂತ ಗಾಳಗಳನ್ನು ಅಡುಗೆಮನೆಯ ಚಮಚದ ಸ್ಟ್ಯಾಂಡಿಗೆ ನೇತುಹಾಕಿದ ದಿನ ಅತ್ತೆ ಊಟ ಮಾಡಲಿಲ್ಲ. ಆಮೇಲೆ ಒಪ್ಪಂದವಾಯಿತು. ಡೈನಿಂಗ್ ಟೇಬಲ್ಲಿನ ಕಿಟಕಿ ಕಡೆಯ ಅರ್ಧ ಅಮ್ಮನಿಗೆ, ಬಾಗಿಲ ಕಡೆಯ ಅರ್ಧ ಮಗನಿಗೆ. ಮಧ್ಯೆ ಗಡಿಯಾಗಿ ಉಪ್ಪಿನಕಾಯಿ ಜಾಡಿ. ಊಟವನ್ನು ನಾವು ಸೋಫಾದಲ್ಲಿ ಕೂತು ತಟ್ಟೆ ಕೈಯಲ್ಲಿ ಹಿಡಿದುಕೊಂಡು ಮಾಡುತ್ತೇವೆ.

ಮೀನು ಹಿಡಿಯುವ ವಿಷಯದಲ್ಲಿ ಅತ್ತೆಯದು ಒಂದೇ ವಾದ.

"ತಿನ್ನೋದೂ ಇಲ್ಲ, ಮಾರೋದೂ ಇಲ್ಲ. ಮತ್ತೆ ಅದರ ಬಾಯಿಗೆ ಯಾಕೋ ಚುಚ್ತೀಯ?"

"ವಾಪಸ್ ಬಿಟ್ಬಿಡ್ತೀನಲ್ಲಮ್ಮ."

"ಬಿಡೋದಾದ್ರೆ ಹಿಡಿಯೋದ್ಯಾಕೆ?"

ಇವರು ಪೇಪರ್ ಎತ್ತಿಕೊಳ್ಳುತ್ತಾರೆ. ಇದಕ್ಕೆ ಉತ್ತರ ಹವ್ಯಾಸಕ್ಕೆ ಮೀನು ಹಿಡಿಯುವ ಯಾರ ಹತ್ತಿರವೂ ಇರುವ ಹಾಗೆ ಕಾಣುವುದಿಲ್ಲ.

ಕೊನೆಗೆ ಅತ್ತೆ ಒಂದು ಕಂಡಿಷನ್ ಹಾಕಿದರು. "ನಿನ್ನ ಗಾಳ ಈ ಮನೇಲಿ ಒಂದೇ ಒಂದು ಸಲ ಚುಚ್ಚಬಾರದ ಕಡೆ ಚುಚ್ಚಲಿ, ಆವತ್ತೇ ಇದೆಲ್ಲ ಆಚೆ. ಆಮೇಲೆ ಅಮ್ಮ ಗಿಮ್ಮ ಅಂತ ಬರ್ಬೇಡ." ಇವರು ಆಯಿತು ಎಂದರು. ಅರವತ್ತು ದಾಟಿದ ಮಗ, ಆದರೂ ಅಮ್ಮನಿಗೆ ಕೊಟ್ಟ ಮಾತು ಇವತ್ತಿಗೂ ಮಾತೇ. ಗಾಳ ಮನೆಯಿಂದ ಆಚೆ ಹೋದರೆ ಇವರು ಮತ್ತೆ ಸೋಫಾದ ಮೇಲೆ ಹೋಗಿ ಕೂರುತ್ತಾರೆ. ಹಾಗಾಗಿ ಆ ಕಂಡಿಷನ್ನಿಗೆ ಅವರಿಬ್ಬರಿಗಿಂತ ಹೆಚ್ಚು ಹೆದರುತ್ತಿದ್ದವಳು ನಾನು.

ಮುರಿದವಳೂ ನಾನೇ.

ನಾಯಿಯ ಕೂದಲಿಗೆ ಹೊಳಪು ಸಾಲದು ಅಂತ ಆ ಗುರುವಾರ ಇವರು ಉಪ್ಪಿನಕಾಯಿ ಜಾಡಿ ದಾಟಿದ್ದರು. ಅತ್ತೆ ನಗರ್ತಪೇಟೆಯಿಂದ ತರಿಸಿಕೊಳ್ಳುವ ದಾರದ ಡಬ್ಬಿಯಿಂದ ಒಂದಿಷ್ಟು ಕೆಂಪು ರೇಷ್ಮೆ, ಒಂದಿಷ್ಟು ಜರಿ ಎಳೆ ಎಗರಿಸಿ ಒಂದು ಜಿಗ್ ಕಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಕಸ ಗುಡಿಸುವಾಗ ಟೇಬಲ್ಲಿನ ಕೆಳಗೆ ಅದು ಬಿದ್ದಿತ್ತು. ಕೆಂಪು ರೇಷ್ಮೆ, ನಡುವೆ ಜರಿ, ತುದಿಯಲ್ಲಿ ಕೆಂಪು ಮಣಿಯಂಥದ್ದು. ಕುಚ್ಚಿಗೆ ಮಣಿ ಸೇರಿಸಿ ಕಟ್ಟುವುದು ಈಗಿನ ಫ್ಯಾಷನ್. ಅತ್ತೆಯ ಕುಚ್ಚೊಂದು ಬಿದ್ದಿದೆ ಅಂದುಕೊಂಡೆ. ಮಣಿ ಹಿಡಿದು ಮೆತ್ತಗೆ ಎತ್ತಿ, ಆವತ್ತು ಕೊಡಬೇಕಿದ್ದ ಸೀರೆಯ ಬಟ್ಟೆ ಚೀಲಕ್ಕೆ ಹಾಕಿಬಿಟ್ಟೆ. ಗಾಳ ರೇಷ್ಮೆಯೊಳಗೆ ಅಡಗಿತ್ತು. ಅಡಗಿರುವುದೇ ಅದರ ಕೆಲಸ ತಾನೇ? ಆ ಜಿಗ್ಗಿಗೆ ಮೊದಲು ಮೋಸ ಹೋದ ಮೀನು ನಾನು.

ಮಧ್ಯಾಹ್ನಕ್ಕೆ ಮುಂಚೆ ಚಾಮರಾಜಪೇಟೆಯಿಂದ ನಂದಿನಿ ಬಂದಳು. ಮದುಮಗಳು ಅವಳೇ. ಸೀರೆ ಅವಳ ಅಮ್ಮನದು. ಅಮ್ಮ ತಮ್ಮ ಮದುವೆಯಲ್ಲಿ ಉಟ್ಟದ್ದನ್ನೇ ಧಾರೆಗೆ ಉಡುತ್ತೇನೆ ಅಂತ ಹುಡುಗಿ ಹಟ ಹಿಡಿದಿದ್ದಳಂತೆ. ಹಳೆಯ ಕುಚ್ಚು ಸವೆದಿತ್ತು, ಅತ್ತೆ ಹೊಸದು ಕಟ್ಟಿದ್ದರು. ಹಳೆಯ ರೇಷ್ಮೆ ಹೇಗಿರುತ್ತದೆ ಅಂತ ಬೀರುವಿನಲ್ಲಿ ಸೀರೆ ಇಟ್ಟವರಿಗೆ ಹೇಳಬೇಕಾಗಿಲ್ಲ. ಮಡಿಕೆ ಬಿಚ್ಚುವುದಕ್ಕೂ ಭಯ.

ನಂದಿನಿ ಸೀರೆಯನ್ನು ಚೀಲದಿಂದ ತೆಗೆದಳು. ಸೆರಗಿಗೆ ಅಂಟಿಕೊಂಡು ಕೆಂಪು ಕುಚ್ಚೂ ಬಂತು.

"ಅಜ್ಜಿ, ಇದು ಎಕ್ಸ್‌ಟ್ರಾನಾ? ಸಖತ್ತಾಗಿದೆ," ಎಂದವಳೇ ಅದನ್ನು ಹಿಡಿದು ಎಳೆದಳು.

ಬರಲಿಲ್ಲ. ಇನ್ನೊಮ್ಮೆ ಎಳೆದಳು. ಸೆರಗೂ ಜೊತೆಗೇ ಎದ್ದು ಬಂತು.

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಆಗಲೇ ತಿಳಿದುಹೋಗಿತ್ತು. ತಮ್ಮ ಡಬ್ಬಿಯ ರೇಷ್ಮೆಯ ಬಣ್ಣ ಅವರಿಗೆ ಗೊತ್ತಾಗದೇ?

"ಶ್ರೀಧರ," ಎಂದು ಕರೆದರು. ಕೂಗಲಿಲ್ಲ. ಕೂಗಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಇವರು ರೂಮಿನಿಂದ ಬಂದವರು ಒಂದು ಸಲ ನೋಡಿದರು. "ಯಾರೂ ಎಳೀಬೇಡಿ," ಅಂದರು. "ಕೈ ಬಿಡಮ್ಮ. ಹಂಗೇ ಇರ್ಲಿ." ಆ ದನಿ ಕೇಳಿ ಬಹಳ ಕಾಲವಾಗಿತ್ತು. ಬ್ರಾಂಚಿನಲ್ಲಿ ಏನಾದರೂ ಎಡವಟ್ಟಾದ ದಿನ ಫೋನಿನಲ್ಲಿ ಮಾತಾಡುತ್ತಿದ್ದ ದನಿ ಅದು.

ಗಾಳದ ಮೊನೆಯ ಸ್ವಲ್ಪ ಕೆಳಗೆ ಹಿಂದಕ್ಕೆ ಮುಖ ಮಾಡಿದ ಇನ್ನೊಂದು ಪುಟಾಣಿ ಮುಳ್ಳು ಇರುತ್ತದೆ. ಒಳಗೆ ಹೋಗುವಾಗ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ವಾಪಸ್ ಎಳೆದಾಗ ಕಚ್ಚಿಕೊಳ್ಳುತ್ತದೆ. ಎಳೆದಷ್ಟೂ ಬಟ್ಟೆ ಹರಿಯುತ್ತದೆ. ನಂದಿನಿ ಎರಡು ಸಲ ಎಳೆದದ್ದಕ್ಕೆ ಅದು ಸೆರಗಿನ ನೇಯ್ಗೆಯೊಳಗೆ ಸರಿಯಾಗಿ ಕೂತುಬಿಟ್ಟಿತ್ತು.

ಇವರು ಕಟಿಂಗ್ ಪ್ಲೈಯರ್ ತಂದರು. ಅದನ್ನು ನೋಡಿ ನಂದಿನಿಗೆ ಅಳುವೇ ಬಂತು.

"ಅಂಕಲ್, ಕಟ್ ಮಾಡ್ಬಿಡ್ತೀರಾ? ಅಮ್ಮಂಗೆ ಏನ್ ಹೇಳ್ಲಿ ನಾನು?"

"ಸೀರೆ ಮುಟ್ಟಲ್ಲಮ್ಮ. ಗಾಳನ ಕಟ್ ಮಾಡ್ತೀನಿ."

ಎಲ್ಲರೂ ಎಳೆಯಲು ನೋಡುತ್ತಾರೆ. ಇವರು ಮುಂದಕ್ಕೆ ತಳ್ಳಿದರು. ಅದು ಹೊರಟಿದ್ದ ದಿಕ್ಕಿಗೇ, ಒಂದೊಂದೇ ಎಳೆ ಸರಿಸುತ್ತಾ, ಮೊನೆಯೂ ಆ ಮುಳ್ಳೂ ಬಟ್ಟೆಯ ಇನ್ನೊಂದು ಕಡೆ ಪೂರ್ತಿ ಹೊರಗೆ ಬರುವವರೆಗೆ. ಇವರ ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು. ಅತ್ತೆ ಸೆರಗನ್ನು ಎರಡೂ ಕಡೆ ಬಿಗಿಯಾಗದ ಹಾಗೆ ಹಿಡಿದುಕೊಂಡಿದ್ದರು. ಇವರು ಟಕ್ ಅಂತ ತುದಿ ಕತ್ತರಿಸಿದರು. ಇನ್ನು ಉಳಿದದ್ದು ಬರೀ ಬಾಗಿದ ತಂತಿ. ಅದು ಜಾರಿಕೊಂಡು ಹೊರಗೆ ಬಂತು.

ಸೆರಗಿನಲ್ಲಿ ಒಂದು ಚಿಕ್ಕ ತೂತು. ಅತ್ತೆ ಅದನ್ನು ತೊಡೆಯ ಮೇಲೆ ಹರಡಿಕೊಂಡು ಹೆಬ್ಬೆರಳಿನ ಉಗುರಿನಿಂದ ಅಡ್ಡಡ್ಡ, ಉದ್ದುದ್ದ ಹಗುರವಾಗಿ ಗೀರುತ್ತಾ ಹೋದರು. ಎಳೆಗಳು ಮತ್ತೆ ಒಂದರ ಪಕ್ಕ ಒಂದು ಬಂದು ಕೂತವು. ಎಲ್ಲಿ ಚುಚ್ಚಿತ್ತು ಅಂತ ನಾನು ಬೆಳಕಿಗೆ ಹಿಡಿದು ಹುಡುಕಿದೆ, ಸಿಗಲಿಲ್ಲ.

ನಂದಿನಿ ನೀರು ಕುಡಿದಳು, ಕಾಫಿ ಕುಡಿದಳು, ಆಮೇಲೆ ನಕ್ಕಳು. "ಅಂಕಲ್, ನೀವು ಡಾಕ್ಟರಾ?" "ಇಲ್ಲಮ್ಮ, ಬ್ಯಾಂಕು." ಗಾಳ ಇಲ್ಲದೆ ಅಂಥದ್ದೇ ಒಂದು ಜೊತೆ ಕಿವಿಗೆ ಮಾಡಿಕೊಡುತ್ತೀರಾ ಅಂತ ಕೇಳಿ, ಸೀರೆ ಎದೆಗೆ ಒತ್ತಿಕೊಂಡು ಹೋದಳು. ಅಮ್ಮನಿಗೆ ಮದುವೆ ಮುಗಿದ ಮೇಲೆ ಹೇಳುತ್ತಾಳಂತೆ. (ಮದುವೆ ಮುಗಿದಿದೆ. ಹುಡುಗಿಯ ಹೆಸರನ್ನೂ ಬದಲಾಯಿಸಿದ್ದೇನೆ. ಆದರೂ ಆ ಅಮ್ಮ ಇದನ್ನು ಓದುತ್ತಿದ್ದರೆ, ಕ್ಷಮಿಸಿ.)

ಅವಳು ಹೋದ ಮೇಲೆ ಇವರು ಟೇಬಲ್ಲಿನ ಅಂಚಿಗೆ ಬಿಗಿದಿದ್ದ ಪುಟ್ಟ ವೈಸನ್ನು, ಗಾಳ ಕಚ್ಚಿ ಹಿಡಿಯುವ ಆ ಸಲಕರಣೆಯನ್ನು, ಬಿಚ್ಚತೊಡಗಿದರು. ಅಮ್ಮ ಹೇಳಲಿ ಅಂತ ಕಾಯಲಿಲ್ಲ. ಬ್ರಶ್ಶು, ದಾರ, ನಾಯಿ ಕೂದಲಿನ ಕವರು ಒಂದೊಂದಾಗಿ ಡಬ್ಬಿಗೆ ಹೋದವು.

"ಅತ್ತೆ, ತಪ್ಪು ನಂದು," ಎಂದೆ. "ಚೀಲಕ್ಕೆ ಹಾಕಿದ್ದು ನಾನು."

"ನೀನು ಸುಮ್ನಿರು ಪದ್ಮ," ಅಂದರು. ಮಗನ ಕಡೆ ತಿರುಗಿದರು. "ಕಟ್ ಮಾಡಿದ್ಯಲ್ಲ, ಆ ಚೂರೆಲ್ಲಿ?"

ಇವರು ಹುಡುಕಿ ಕೊಟ್ಟರು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಇದೇನೋ ಇದು, ಹಿಂದಕ್ಕೆ ಮುಖ ಮಾಡ್ಕೊಂಡಿದೆ?"

"ಬಾರ್ಬ್ ಅಂತಾರಮ್ಮ. ಮೀನು ಕೊಸರ್ಕೊಂಡು ಹೋಗ್ದೇ ಇರ್ಲಿ ಅಂತ."

"ಹಿಮ್ಮುಳ್ಳು," ಅಂದರು ಅತ್ತೆ. ಹಿಮ್ಮಡಿ ಅನ್ನುವಷ್ಟೇ ಸಲೀಸಾಗಿ ಅಂದರು, ಆ ಪದ ಮೊದಲಿಂದಲೂ ಇದ್ದದ್ದೇ ಅನ್ನಿಸುವ ಹಾಗೆ. "ಮೀನಿನ ಬಾಯಿಂದ್ಲೂ ಹಿಂಗೇ ತೆಗೀತೀಯ? ಮುಂದಕ್ಕೆ ತಳ್ಳಿ, ಕಟ್ ಮಾಡಿ?"

ಸುಳ್ಳು ಹೇಳಬಹುದಿತ್ತು. ಅಲ್ಲಿ ಮೀನೇನೂ ಸಾಕ್ಷಿಗೆ ಬರುತ್ತಿರಲಿಲ್ಲ.

"ಇಲ್ಲಮ್ಮ," ಅಂದರು ಇವರು. "ಪ್ಲೈಯರಲ್ಲಿ ಹಿಡ್ಕೊಂಡು, ಸ್ವಲ್ಪ ತಿರುಗ್ಸಿ, ಎಳೀತೀವಿ."

"ಎಳೀತೀರ."

"ಹ್ಞೂಂ."

"ಸೀರೆ ಆದ್ರೆ ಕೈ ನಡುಗುತ್ತೆ. ಮೀನಾದ್ರೆ ಎಳೀತೀರ."

ಬೈದ ಹಾಗೆ ಇರಲಿಲ್ಲ. ಇವರು ವೈಸ್ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದರು. ತಲೆ ನರೆತ ಗಂಡಸು ಹಾಗೆ ನಿಂತದ್ದನ್ನು ನೋಡಿ ನನಗೆ ಪಾಪ ಅನ್ನಿಸಿತು, ಪ್ರೀತಿಯೂ ಉಕ್ಕಿತು. ಯಾಕೆಂದರೆ ಇವರು ವಾದ ಮಾಡಲಿಲ್ಲ. ಮೀನಿಗೆ ನೋವೇ ಆಗುವುದಿಲ್ಲವಂತೆ ಅಂತ ಯಾರೋ ಕಳಿಸಿದ ವಿಡಿಯೋ ತೋರಿಸಲಿಲ್ಲ.

"ಅದನ್ಯಾಕೆ ಬಿಚ್ತಿದೀಯ? ಇಡು ಅಲ್ಲಿ," ಅಂದರು ಅತ್ತೆ. "ಇದೊಂದನ್ನ ತೆಗಿ. ಇದಿಲ್ಲದ ಗಾಳ ಎಷ್ಟು ಬೇಕಾದ್ರೂ ಕಟ್ಕೋ."

"ಅದಿಲ್ದಿದ್ರೆ ಮೀನು ನಿಲ್ಲಲ್ಲಮ್ಮ. ಸ್ವಲ್ಪ ದಾರ ಸಡಿಲ ಆದ್ರೂ ಬಿಟ್ಟೋಗುತ್ತೆ."

"ಹೆಂಗೂ ಬಿಡೋದೇ ಅಂತೀಯಲ್ಲ. ಅದೇ ಹೋದ್ರೆ ನಿಂಗೇನೋ ಕಷ್ಟ?"

"ಫೋಟೋ..." ಎಂದರು ಇವರು. ವೈಸನ್ನು ಮತ್ತೆ ಟೇಬಲ್ಲಿನ ಮೇಲೆ ಇಟ್ಟರು.

ಆವತ್ತು ಸಂಜೆ ಇವರು ಡಬ್ಬಿಯಲ್ಲಿದ್ದ ಗಾಳಗಳ ಹಿಮ್ಮುಳ್ಳನ್ನೆಲ್ಲ ಪ್ಲೈಯರಿನಲ್ಲಿ ಒತ್ತಿ ಚಪ್ಪಟೆ ಮಾಡಿದರು. ಕ್ವಾಲಿಟಿ ಚೆಕ್ಕಿಂಗ್ ಅತ್ತೆಯದು. ಹಳೆಯ ರೇಷ್ಮೆ ರವಿಕೆಯ ಚೂರಿಗೆ ಗಾಳ ಚುಚ್ಚಿ ತೆಗೆಯುವುದು. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ರಿಜೆಕ್ಟ್.

ಹಾಗೆ ನೋಡುತ್ತಾ ನೋಡುತ್ತಾ ಇವರ ಜಿಗ್ ಕಡೆ ಅತ್ತೆಯ ಕಣ್ಣು ಹೋಯಿತು. "ಇದೇನೋ, ಸೌದೆ ಹೊರೆ ಕಟ್ಟಿದ ಹಂಗೆ ಕಟ್ಟಿದೀಯ?" ಇವರು ಕೂದಲನ್ನೆಲ್ಲ ಒಟ್ಟಿಗೆ ಹಿಡಿದು, ದಾರ ಸುತ್ತಿ, ಮೇಲೊಂದು ಗಂಟು ಹಾಕಿ, ಫೆವಿಕ್ವಿಕ್ ಸುರಿಯುತ್ತಿದ್ದರು. ನಾಲ್ಕು ಸಲ ನೀರಿಗೆ ಎಸೆದರೆ ಬಾಲ ಬೋಳು. ಬಿಚ್ಚಿಹೋದ ದಾರ ಮೀನಿನ ಹೊಟ್ಟೆಗೆ ಹೋದರೆ ಗತಿಯೇನು ಅಂತ ಅತ್ತೆಗೆ ಹೊಸ ಚಿಂತೆ ಶುರುವಾಯಿತು. ವೈಸನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೊದಲು ಬರೀ ತಂತಿಗೆ ಒತ್ತೊತ್ತಾಗಿ ದಾರ ಸುತ್ತಬೇಕು, ಕೂದಲಿಗೆ ಹಿಡಿತ ಬರಲಿ ಅಂತ. ಆಮೇಲೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಳೆ ಇಡುತ್ತಾ ಬಿಗಿಯಬೇಕು. ಕೊನೆಗೆ ಬೇರೆ ದಾರದ ಒಂದು ಕುಣಿಕೆ ಇಟ್ಟು, ಅದರ ಮೇಲೆ ಸುತ್ತಿ, ದಾರದ ತುದಿಯನ್ನು ಕುಣಿಕೆಯೊಳಗೆ ತೂರಿಸಿ ಕುಣಿಕೆಯನ್ನು ಎಳೆದುಬಿಟ್ಟರು. ತುದಿ ಸುತ್ತಿನ ಅಡಿಗೆ ಹೋಗಿ ಮಾಯವಾಯಿತು. ಸೀರೆಯ ಕುಚ್ಚಿನ ಕತ್ತಿಗೆ ಹಾಕುವುದೂ ಅದೇ ಕಟ್ಟು. ಮೇಲೆ ಒಂದು ಹನಿ ನೇಲ್ ಪಾಲಿಶ್. (ಅದು ಯಾರದು ಅಂತ ಕೇಳಬೇಡಿ.)

"ಗಂಟು ಕಂಡ್ರೆ ಅದು ಕಮಲಮ್ಮಂದಲ್ಲ," ಅಂದರು.

ಈಗ ಸಂಜೆ ಹೊತ್ತು ನಮ್ಮ ಟೇಬಲ್ಲಿನಲ್ಲಿ ಅಮ್ಮ ಮಗ ಎದುರುಬದುರು ಕೂರುತ್ತಾರೆ. ಉಪ್ಪಿನಕಾಯಿ ಜಾಡಿ ಅಡುಗೆಮನೆಗೆ ವಾಪಸ್ ಹೋಗಿದೆ.

ನನಗಂತೂ ಆ ಪದ ಕಲಿತಾಗಿನಿಂದ ಎಲ್ಲೆಲ್ಲೂ ಹಿಮ್ಮುಳ್ಳೇ ಕಾಣುತ್ತಿದೆ. ಮೊದಲ ತಿಂಗಳು ಫ್ರೀ ಅಂತ ಮೊಬೈಲಿನಲ್ಲಿ ಒತ್ತಿದ ಬಟನ್ನು. ಸೇರುವುದು ಒಂದು ಬೆರಳಿನ ಕೆಲಸ, ಬಿಡಲು ಹೋದರೆ ಬಟನ್ನೇ ಸಿಗುವುದಿಲ್ಲ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪು. ಸೇರಿಸುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ, ಹೊರಗೆ ಬಂದರೆ ಮಾತ್ರ ಚಿಕ್ಕಮ್ಮನ ಫೋನು ಬರುತ್ತದೆ. "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಅಂತ ಶುರುವಾಗುವ ಮಾತುಗಳಿಗಂತೂ ಇದು ಇದ್ದೇ ಇರುತ್ತದೆ. ಆಡಿದವರು ಕಾಫಿ ಕುಡಿದು ಹೋಗುತ್ತಾರೆ, ಕೇಳಿಸಿಕೊಂಡವರು ಅದನ್ನು ಎಳೆಯುತ್ತಾ ಕೂತಿರಬೇಕು. ಪ್ರೀತಿ ಮಾಡುವವರಲ್ಲೂ ಇಲ್ಲವೇ? ಹೊರಟು ನಿಂತ ನೆಂಟರನ್ನು ಗೇಟಿನ ಹತ್ತಿರ ಇನ್ನೊಂದು ಗಂಟೆ ನಿಲ್ಲಿಸಿಕೊಳ್ಳುವವರು ನಾವು. ಅತ್ತೆಗೆ ಇದನ್ನೆಲ್ಲ ಹೇಳಿದರೆ, "ಒಂದು ಮುಳ್ಳು ಸಿಕ್ಕಿದ್ದೇ ಸಾಕು, ಒಂದು ಪೇಜು ಬರೀತೀಯ ನೀನು," ಅಂದರು.

ಮೊನ್ನೆ ಭಾನುವಾರ ಇವರು ಹೊಸ ಜಿಗ್ ತೆಗೆದುಕೊಂಡು ಕನಕಪುರ ರಸ್ತೆಯ ಕಡೆಯ ಒಂದು ಕೆರೆಗೆ ಹೋದರು. ಅಲ್ಲಿ ಪರ್ಮಿಟ್ ಕೊಡುತ್ತಾರೆ. ಊಟದ ಹೊತ್ತಿಗೆ ವಾಪಸ್ ಬಂದರು. ಬಾಗಿಲಲ್ಲೇ ಅತ್ತೆ.

"ಬಿತ್ತೇನೋ?"

"ಬಿತ್ತಮ್ಮ. ಕೊರವ. ಇಷ್ಟುದ್ದ." ಎರಡೂ ಕೈ ಅಗಲಿಸಿದರು. (ಆ ಮೀನಿಗೆ ಕೆಲವು ಕಡೆ ಕುಚ್ಚು ಮೀನು ಅಂತಲೂ ಹೇಳುತ್ತಾರಂತೆ. ನಾನು ಕಟ್ಟಿದ್ದಲ್ಲ, ಇವರು ಹೇಳಿದ್ದು.) "ಇಷ್ಟು ವರ್ಷದಲ್ಲಿ ಅಷ್ಟು ದೊಡ್ಡದು ಬಿದ್ದೇ ಇರ್ಲಿಲ್ಲ. ದಡದ ತನಕ ಬಂತು. ಫೋನ್ ತೆಗೆಯೋಣ ಅಂತ ಜೇಬಿಗೆ ಕೈ ಹಾಕ್ದೆ. ಒಂದು ಸಲ ತಲೆ ಕೊಡವ್ತು ನೋಡು, ಗಾಳ ಸಲೀಸಾಗಿ ಬಂದ್ಬಿಡ್ತು."

"ಕುಚ್ಚು?"

"ಹಂಗೇ ಇದೆ. ಒಂದೆಳೆ ಹೋಗಿಲ್ಲ."

ಅತ್ತೆ ಅದನ್ನು ತೆಗೆದುಕೊಂಡು ಭೂತಗನ್ನಡಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಅದಕ್ಕೆ ನೋವಾಯ್ತೇನೋ?"

"ಕೇಳೋಷ್ಟರಲ್ಲಿ ಹೋಗ್ಬಿಡ್ತಮ್ಮ."

ಇವರ ಮುಖದಲ್ಲಿ ಬೇಜಾರಿತ್ತು, ಇಲ್ಲ ಅನ್ನಲಾರೆ. ಜೀವಮಾನದ ದೊಡ್ಡ ಮೀನು, ಫೋಟೋ ಇಲ್ಲ. ಮೀನು ಹಿಡಿಯುವವರ ಗ್ರೂಪಿನಲ್ಲಿ ಬರೆದರೆ ಒಬ್ಬರೂ ನಂಬಲಿಲ್ಲ, ನಗುವ ಚಿತ್ರಗಳನ್ನು ಕಳಿಸಿದರು. ಇವರು ಅದನ್ನು ನನಗೆ ತೋರಿಸಿ, ಆಮೇಲೆ ತಾವೂ ನಕ್ಕರು. ಶಿಳ್ಳೆ ಹಾಕುತ್ತಾ ಕೈಕಾಲು ತೊಳೆಯಲು ಹೋದರು.

ಅಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದಲ್ಲಿ ಶಾವಿಗೆ ಹುರಿಯುವ ವಾಸನೆ ಬಂತು. ಹಬ್ಬವಿಲ್ಲ, ಹುಟ್ಟುಹಬ್ಬವಿಲ್ಲ. ಅತ್ತೆ ಒಲೆಯ ಮುಂದೆ ನಿಂತು ದ್ರಾಕ್ಷಿ, ಗೋಡಂಬಿ ಎಲ್ಲಿಟ್ಟಿದ್ದೀಯ ಅಂತ ನನ್ನನ್ನು ಕೇಳುತ್ತಿದ್ದರು.

ದೊಡ್ಡ ಮೀನು ತಪ್ಪಿಸಿಕೊಂಡಿತು ಅಂತ ಮಗನಿಗೆ ಪಾಯಸ ಮಾಡಿ ಬಡಿಸುವ ತಾಯಿಯನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?